ಎರಡು ಗಂಟೆಗೆ ಕಾಣುವ ಮರಗಳು

ಮೊನ್ನೆ ತೊಕ್ಕೊಟ್ಟಿಗೆ ಹೋಗುವಾಗ ನೇತ್ರಾವತಿ ಸೇತುವೆಯ ಮೇಲೆ ಬ್ಲಾಕ್ ಆಯಿತು. ಮುಂದೆಲ್ಲೋ ಟ್ಯಾಂಕರ್ ಒಂದು ಕೆಟ್ಟು ನಿಂತಿತ್ತಂತೆ. ನನ್ನ ಬದಿಯ ಕಿಟಕಿ ಅರ್ಧ ತೆರೆದಿತ್ತು. ನದಿ ಇಳಿದಿದ್ದ ಹೊತ್ತು. ಕೆಳಗಿನಿಂದ ಕೆಸರಿನ ವಾಸನೆ ಎದ್ದು ಬಂತು. ಕೊಳೆತ ಎಲೆ, ಉಪ್ಪು, ಬೇಯಿಸಿದ ಮೊಟ್ಟೆ, ಸ್ವಲ್ಪ ಮೀನು, ಎಲ್ಲ ಸೇರಿದ ಒಂದು ವಾಸನೆ. ಸ್ಟೀರಿಂಗ್ ಹಿಡಿದಿದ್ದ ನನ್ನ ತಂಗಿಯ ಮಗಳು ಮೂಗು ಸುಕ್ಕು ಮಾಡಿ, "ಆಂಟಿ, ಗ್ಲಾಸ್ ಏರಿಸಿ ಪ್ಲೀಸ್, ಗಟರ್ ಸ್ಮೆಲ್" ಎಂದಳು.

ನಾನು ಏರಿಸಲಿಲ್ಲ. "ಗಟರ್ ಅಲ್ಲ ಅದು. ಕಾಂಡ್ಲದ ಕೆಸರು. ಆ ವಾಸನೆ ಬರ್ತಾ ಉಂಟು ಅಂದರೆ ಅಲ್ಲಿ ಇನ್ನೂ ಜೀವ ಉಂಟು ಅಂತ" ಎಂದೆ.

ಎಂಬತ್ತು ದಾಟಿದವರನ್ನು ಜನ ನೋಡುವ ಒಂದು ನೋಟವಿದೆ. ಅತ್ತಾವರದಲ್ಲಿ ನನ್ನ ಮೊಣಕಾಲು ನೋಡುವ ಡಾಕ್ಟರೂ ಹಾಗೇ ನೋಡುತ್ತಾನೆ. ಅವಳೂ ಹಾಗೆ ನೋಡಿ ಎಫ್‌ಎಂ ಜೋರು ಮಾಡಿದಳು. ಇರಲಿ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಈ ಮೊಣಕಾಲು ಹಾಳಾದದ್ದು ಮುದಿತನದಿಂದ ಅಲ್ಲ. ಮೂರು ಮಳೆಗಾಲ ಅದನ್ನು ಕೆಸರಿನಲ್ಲಿ ಹೂತಿಟ್ಟದ್ದಕ್ಕೆ. ನನಗೆ ಅದರ ಬಗ್ಗೆ ಯಾವ ರಿಗ್ರೆಟ್ಟೂ ಇಲ್ಲ.

ಎಂಬತ್ತರ ದಶಕ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ನನಗೆ ಮೂವತ್ತೆಂಟು. ಮದುವೆಯ ಪ್ರಪೋಸಲ್‌ಗಳು ನಿಂತು ಹೋಗಿದ್ದವು, ಅದೂ ಒಂದು ನೆಮ್ಮದಿ. ಬೋಳಾರದಲ್ಲಿ ನದಿಯ ಕಡೆಗಿನ ಇಳಿಜಾರಿನಲ್ಲಿ ನಮ್ಮ ಹಂಚಿನ ಮನೆ. ಅದರಲ್ಲಿ ನಾನು, ಮಮ್ಮಿ ಮತ್ತು ಮಮ್ಮಿಯ ನಲವತ್ತು ಕ್ರೋಟನ್ ಕುಂಡಗಳು. ಒಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಮತ್ತು ನೇಚರ್ ಸ್ಟಡಿ ಕಲಿಸುತ್ತಿದ್ದೆ. ನಾನು ಕಲಿತದ್ದೂ ಅಲ್ಲಿಯೇ. ಅಲ್ಲಿ ನಮಗೆ ತಲೆಯ ಮೇಲೆ ಪುಸ್ತಕವಿಟ್ಟು ನೇರವಾಗಿ ನಡೆಯುವುದನ್ನೂ, ರಾಬಿನ್ ಹಕ್ಕಿಯ ಎದೆಯ ಬಣ್ಣವನ್ನೂ ಕಲಿಸಿದ್ದರು. ಮನೆಯ ಹಿಂದಿನ ನದಿಯಲ್ಲಿ ಏನಿದೆ ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ಕಲಿಸುತ್ತಿದ್ದ ಇಂಗ್ಲಿಷ್ ರೀಡರಿನಲ್ಲಿ ನೀರುನಾಯಿಯ ಕುರಿತು ಒಂದು ಲೆಸನ್ ಇತ್ತು. ಚಿತ್ರದಲ್ಲಿ ಹಿಮ, ಕಲ್ಲಿನ ಸೇತುವೆ, ಅದರ ಕೆಳಗೆ ಮೀಸೆ ಬಿಟ್ಟ ಒಂದು ಆಟರ್. ಇದು ಎಲ್ಲಿ ಸಿಗುತ್ತದೆ ಎಂದು ಒಬ್ಬ ಹುಡುಗಿ ಕೇಳಿದಾಗ, "ಇನ್ ದಿ ರಿವರ್ಸ್ ಆಫ್ ಇಂಗ್ಲೆಂಡ್" ಎಂದು ಯಾವ ಅಳುಕೂ ಇಲ್ಲದೆ ಹೇಳಿದೆ. ಅದೇ ಸಂಜೆ ನಮ್ಮ ಗೇಟಿನಲ್ಲಿ ಮರುವಾಯಿ ಅಳೆದು ಹಾಕುತ್ತಿದ್ದ ಐಸಮ್ಮನ ಕಣ್ಣು ನನ್ನ ಕೈಯ ಪುಸ್ತಕದ ಮೇಲೆ ಬಿತ್ತು. ಐಸಮ್ಮ ಬ್ಯಾರಿ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನೀರು ಇಳಿದಾಗ ನದಿಗಿಳಿದು, ಕಾಲ್ಬೆರಳಿನಲ್ಲೇ ಕೆಸರು ತಡಕಿ, ಮರುವಾಯಿ ಚಿಪ್ಪು ಹೆಕ್ಕಿ ಮನೆಮನೆಗೆ ಮಾರುವವಳು.

"ಎಂತ ಟೀಚರ್, ನೀರುನಾಯಿಯ ಫೋಟೋ ಎಲ್ಲ ಪುಸ್ತಕದಲ್ಲಿ ಹಾಕ್ತಾರಾ?"

"ನೀನು ಎಲ್ಲಿ ನೋಡಿದ್ದು ಇದನ್ನು?"

"ಎಲ್ಲಿ ಅಂದರೆ? ಇಲ್ಲೇ ಕೆಳಗೆ. ಕಾಂಡ್ಲದ ಬೇರಿನ ಒಳಗೆ ಮನೆ ಮಾಡಿ ಉಂಟಲ್ಲ. ಗಂಡ, ಹೆಂಡತಿ, ಎರಡು ಮರಿ. ನನಗಿಂತ ಮೊದಲು ಅವರೇ ಮೀನಿಗೆ ಹೋಗ್ತಾರೆ."

ಕಾಂಡ್ಲ ಎಂದರೆ ಉಪ್ಪುನೀರು ನುಗ್ಗುವ ಕೆಸರಿನಲ್ಲಿ ಬೇರುಗಳನ್ನು ಊರುಗೋಲಿನಂತೆ ಊರಿ ನಿಲ್ಲುವ ಮರ. ನಮ್ಮ ಹಿತ್ತಲಿನಿಂದ ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ ಅದರದೊಂದು ಸಣ್ಣ ತೋಪಿತ್ತು, ಒಂದು ಫರ್ಲಾಂಗ್ ಉದ್ದ. ಅತ್ತ ಇತ್ತ ಎಲ್ಲ ಹಂಚಿನ ಕಾರ್ಖಾನೆ, ಕಟ್ಟಿಗೆಯ ಯಾರ್ಡು, ಜೆಟ್ಟಿ. ನಾಲ್ಕು ದಿನ ಬೆಳಿಗ್ಗೆ ಹೋಗಿ ನಿಂತೆ. ಏನೂ ಕಾಣಲಿಲ್ಲ. "ನಿಮ್ಮ ಬಿಳಿ ಕೊಡೆ ನೋಡಿದರೆ ದೆವ್ವವೂ ಬರ್ಲಿಕ್ಕಿಲ್ಲ" ಎಂದು ಐಸಮ್ಮ ನಕ್ಕಳು. ಮರುದಿನ ಕ್ಲಾಸಿನಲ್ಲಿ ಕರೆಕ್ಷನ್ ಹೇಳಿದೆ. ಮಕ್ಕಳು ನಂಬಲಿಲ್ಲ. ಪುಸ್ತಕದಲ್ಲಿ ಹಿಮ ಇತ್ತಲ್ಲ.

ಮೇ ತಿಂಗಳ ರಜೆಯಲ್ಲಿ ಪಕ್ಕದ ಮರದ ಮಿಲ್ಲಿನ ದಣಿ ಆಳು ಕಳಿಸಿ ಆ ತೋಪನ್ನು ಎರಡೇ ದಿನದಲ್ಲಿ ಕಡಿಸಿದ. ಅವನಿಗೆ ದಿಮ್ಮಿ ರಾಶಿ ಹಾಕಲು ಜಾಗ ಬೇಕಿತ್ತು. ಹಂಚಿನ ಚೂರು ಸುರಿದು ತುಂಬಿಸಿದರೆ ನದಿ ಹಿಂದೆ ಸರಿಯುತ್ತದೆ, ಯಾರ್ಡ್ ಮುಂದೆ ಹೋಗುತ್ತದೆ. ಒಂದು ವಾರ ಬಿಟ್ಟು ಐಸಮ್ಮ ಖಾಲಿ ಬುಟ್ಟಿ ಹಿಡಿದು ಬಂದಳು.

"ತಾಯಿ ಒಂದೊಂದೇ ಮರಿಯನ್ನು ಕುತ್ತಿಗೆಗೆ ಕಚ್ಚಿ ಆಚೆ ದಡಕ್ಕೆ ಈಜಿತು ಟೀಚರ್. ಆಚೆ ಬಲೆಯವರು ಬಿಡ್ಲಿಕ್ಕಿಲ್ಲ, ಬಲೆ ಹರೀತದೆ ಅಂತ ಹೊಡೆದು ಹಾಕ್ತಾರೆ. ಈಗ ದಿನಾ ಬೆಳಿಗ್ಗೆ ತಿರುಗಿ ಬಂದು ಕಡಿದ ಬುಡ ಮೂಸಿ ಹೋಗ್ತದೆ. ಬಿಲ ಹಾಗೇ ಉಂಟು. ಮೇಲೆ ಮರೆ ಇಲ್ಲ, ಅಷ್ಟೇ."

ಆ ಬಿಲದ ಮೇಲೆ ಲಾರಿ ಬರುವ ಮೊದಲು ಏನಾದರೂ ಮಾಡಬೇಕಿತ್ತು. ನನ್ನ ಅತ್ಯುತ್ತಮ ಕೈಬರಹದಲ್ಲಿ ಒಂದು ಅರ್ಜಿ ಬರೆದು ತಾಲೂಕು ಆಫೀಸಿಗೆ ಕೊಂಡುಹೋದೆ. ಅಲ್ಲಿ ಮೇಜಿನ ಹಿಂದಿದ್ದವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಮ್ಯಾಡಂ, ರೆಕಾರ್ಡಿನಲ್ಲಿ ಅದು ಖಾಲಿ ಜಾಗ. ಮರವೇ ಇಲ್ಲದ ಕಡೆ ಎಂತ ಪ್ರಾಣಿ ಉಳಿಸುವುದು? ಡಿಸೆಂಬರಿನಲ್ಲಿ ಸಾಹೇಬರು ಇನ್ಸ್‌ಪೆಕ್ಷನಿಗೆ ಬರ್ತಾರೆ. ಆಗ ಅಲ್ಲಿ ಏನಾದರೂ ಬೆಳೆದದ್ದು ಉಂಟು ಅಂತಾದರೆ ಬರೀತಾರೆ. ಇಲ್ಲದಿದ್ದರೆ ತುಂಬಿಸ್ಲಿಕ್ಕೆ ಪರ್ಮಿಷನ್."

ಅವರು ತಮಾಷೆಗೆ ಹೇಳಿದ್ದು. ನಾನು ಹೋಮ್‌ವರ್ಕ್ ಎಂದು ತೆಗೆದುಕೊಂಡೆ. ನನ್ಸ್ ಕೈಯಲ್ಲಿ ಕಲಿತವರಿಗೆ ಅದೊಂದು ರೋಗ. ಕೊಟ್ಟ ಕೆಲಸವನ್ನು ಮಾಡದೆ ನಿದ್ದೆ ಬರುವುದಿಲ್ಲ.

ಪಕ್ಕದ ಮನೆಯ ವಾರಿಜಕ್ಕನಿಗೆ ಹೇಳಿದೆ. ವಾರಿಜಕ್ಕ ಬಂಟರ ಗುತ್ತಿನ ಮನೆಯ ಮಗಳು. ಅವರ ಗಂಡ ಪೇಟೆಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಆಗ ನಮ್ಮ ಓಣಿಗೆಲ್ಲ ಒಂದೇ ಟೆಲಿಫೋನ್, ಅದು ವಾರಿಜಕ್ಕನ ಮನೆಯಲ್ಲಿ. ಆದರೆ ಅವರ ಕಂಠಕ್ಕೆ ಅದರ ಅಗತ್ಯವೇ ಇರಲಿಲ್ಲ.

"ಡಿಸೆಂಬರಿಗೆ ಮರ ಬೇಕಾ? ಅಷ್ಟೇ ತಾನೇ? ನೆಡುವಾ. ಆ ಮಿಲ್ಲಿನವನು ನನ್ನ ಗಂಡನ ದೋಸ್ತಿ. ಅವನಿಗೆ ಒಮ್ಮೆ ಬುದ್ಧಿ ಕಲಿಸ್ಬೇಕು ಅಂತ ನನಗೆ ಎಷ್ಟೋ ವರ್ಷದಿಂದ ಉಂಟು."

ಹೀಗೆ ಶುರುವಾಯಿತು. ನಮ್ಮ ಇಗರ್ಜಿಯ ಭಕ್ತಿಸಂಘವಾದ ಸೊಡ್ಯಾಲಿಟಿಯ ಹೆಂಗಸರು, ವಾರಿಜಕ್ಕನ ನೆಂಟರು, ಐಸಮ್ಮನ ಜೊತೆ ಮರುವಾಯಿ ಹೆಕ್ಕುವವರು, ಒಟ್ಟು ಮೂವತ್ತು ಜನ ಆದೆವು. ಆಗಸ್ಟಿನ ಮಳೆಯಲ್ಲಿ ಐಸಮ್ಮ ತಮ್ಮನ ದೋಣಿಯಲ್ಲಿ ಆಚೆ ದಡದ ಕಾಂಡ್ಲಗಳ ಕೆಳಗೆ ಹೋಗಿ ನಾಲ್ಕು ಬುಟ್ಟಿ ತುಂಬ ಕೋಲು ತಂದಳು. ನುಗ್ಗೆಕಾಯಿಯ ಹಾಗೆ ಹಸಿರು, ಒಂದು ತುದಿ ಚೂಪು. ನಾನು ಅದನ್ನು ಸೀಡ್ ಎಂದೆ.

"ಬೀಜ ಅಲ್ಲ, ಮರಿ. ತಾಯಿಯ ಮೈಮೇಲೇ ಮೊಳಕೆ ಬಂದು ಬೆಳೆದು ಬೀಳುವುದು. ಹೆರಿಗೆ ಆಗಿದೆ, ನಾವು ಬರೀ ಮಲಗಿಸುವುದು" ಎಂದಳು ಐಸಮ್ಮ. ಆ ವಾರವೇ ಅವಳಿಗೆ ತೊಕ್ಕೊಟ್ಟಿನ ಮಗಳ ಬಾಣಂತನಕ್ಕೆ ಹೋಗಬೇಕಿತ್ತು. "ಬುಟ್ಟಿಯನ್ನು ನೀರಿನ ಅಂಚಿಗೆ ನೆರಳಿನಲ್ಲಿಡಿ. ನಾನು ಬಂದ ಮೇಲೆ ನೆಡುವಾ" ಎಂದು ಹೇಳಿ ಹೋದಳು.

ಅವಳು ಬರುವುದನ್ನು ನಾನು ಕಾಯಲಿಲ್ಲ. ನನ್ನ ತಲೆಯಲ್ಲಿ ಒಂದು ಬ್ಯೂಟಿಫುಲ್ ಐಡಿಯಾ ಕುಳಿತಿತ್ತು. ಸೆಪ್ಟೆಂಬರ್ ಎಂಟು, ನಮ್ಮ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಗುಡ್ಡದ ಹೂ ಕೊಯ್ದು ತರುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ, ಬಾಳೆಲೆಯಲ್ಲಿ ತರಕಾರಿ ಊಟ. ಹೊಸ ಬೆಳೆಯ ದಿನಕ್ಕಿಂತ ಒಳ್ಳೆಯ ದಿನ ನೆಡಲು ಯಾವುದಿದೆ? ಪೂಜೆ ಮುಗಿಸಿ, ಊಟ ಮಾಡಿ, ಸೀರೆ ಎತ್ತಿ ಕಟ್ಟಿ ಇಳಿದೆವು.

ಆ ಮಧ್ಯಾಹ್ನ ನದಿ ನಮಗಾಗಿಯೇ ಎಂಬಂತೆ ಹಿಂದೆ ಸರಿದಿತ್ತು. ನಾನು ಎಂದೂ ಕಾಣದಷ್ಟು ದೂರಕ್ಕೆ ಕೆಸರು ತೆರೆದು ಮಲಗಿತ್ತು, ಸ್ಲೇಟಿನ ಹಾಗೆ ನುಣುಪಾಗಿ. "ಎಷ್ಟು ಜಾಗ ಬಿಟ್ಟುಕೊಟ್ಟಿದೆ ನೋಡಿ" ಎಂದು ನಾನು ಕೂಗಿದ್ದು ನೆನಪಿದೆ. ತೆಂಗಿನ ಹಗ್ಗ ಎಳೆದು ಗೆರೆ ಹಾಕಿ, ಅಸೆಂಬ್ಲಿಯಲ್ಲಿ ಮಕ್ಕಳನ್ನು ನಿಲ್ಲಿಸಿದ ಹಾಗೆ, ಸಾಲು ಸಾಲಾಗಿ, ಕಣ್ಣು ಮುಟ್ಟುವಷ್ಟು ಕೆಳಗಿನವರೆಗೆ ನೆಟ್ಟೆವು. ಕೆಲವರು ಸಗಣಿ ಗೊಬ್ಬರವನ್ನೂ ತಂದಿದ್ದರು. ಹಿಮ್ನ್ ಹಾಡಿದೆವು. ವಾರಿಜಕ್ಕನಿಗೆ ಪದ ಬಾರದು, ಆದರೂ ಎಲ್ಲರಿಗಿಂತ ಜೋರಾಗಿ ಅವರೇ ಹಾಡಿದರು.

ಎರಡು ದಿನ ಬಿಟ್ಟು, ಚೌತಿಯ ಬೆಳಿಗ್ಗೆ ಹೋಗಿ ನೋಡಿದೆ. ಒಂದೂ ಇರಲಿಲ್ಲ. ಹಗ್ಗ ಕೂಡ ಇರಲಿಲ್ಲ. ಮಿಲ್ಲಿನ ಆಳುಗಳು ದಿಮ್ಮಿಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಒಬ್ಬ ಎದ್ದು ಕೈಯನ್ನು ಹಣೆಗೆ ಅಡ್ಡ ಹಿಡಿದು ಸಮುದ್ರದ ಕಡೆ ನೋಡಿದ.

"ಟೀಚರ್, ನಿಮ್ಮ ಕಾಡು ಈಗಷ್ಟೇ ಉಳ್ಳಾಲ ದಾಟಿತು! ಅರಬ್ ದೇಶಕ್ಕೆ ಹೋಗಿ ಸೆಟ್ಲ್ ಆಗ್ತದೆ!"

ಐಸಮ್ಮ ಬಂದಳು. ಖಾಲಿ ಕೆಸರು ನೋಡಿದಳು. ಸೊಂಟಕ್ಕೆ ಕೈ ಕೊಟ್ಟು ನನ್ನ ಎದುರು ನಿಂತಳು.

"ಯಾವಾಗ ನೆಟ್ಟದ್ದು?"

"ಎಂಟನೇ ತಾರೀಕು. ಹಬ್ಬದ ದಿನ."

"ತಾರೀಕು ನನಗೆ ಬೇಡ. ಚಂದ್ರ ಎಷ್ಟಿತ್ತು?"

ನನಗೆ ಗೊತ್ತಿರಲಿಲ್ಲ. ಹಿಂದಿನ ದಿನ ಅಮಾವಾಸ್ಯೆ ಎಂದು ವಾರಿಜಕ್ಕ ಮೆಲ್ಲನೆ ಹೇಳಿದರು. ಮೆಲ್ಲನೆ ಎಂದರೆ ಓಣಿಯ ತುದಿಯವರೆಗೆ.

"ಅಮಾವಾಸ್ಯೆಯ ಮರುದಿನ! ದೊಡ್ಡ ನೀರು! ಆ ದಿನ ನದಿ ಎಷ್ಟು ಕೆಳಗೆ ಹೋಗ್ತದೋ ಅಷ್ಟೇ ಮೇಲೆ ಬರ್ತದೆ. ನೀವು ನೆಟ್ಟದ್ದು ನೆಲದಲ್ಲಿ ಅಲ್ಲ ಟೀಚರ್, ಮೀನಿನ ಮನೆಯಲ್ಲಿ. ಅಲ್ಲಿ ತಿಂಗಳಿಗೆ ಎರಡು ಸಲ ಬಿಟ್ಟರೆ ಕೆಸರು ಬಿಸಿಲು ಕಾಣುವುದಿಲ್ಲ. ಮರ್ಯಮ್ ಬೀವಿ ನಮಗೂ ಬೇಕಾದವರೇ, ಅವರ ಹಬ್ಬ ಮಾಡಿ. ಆದರೆ ನೀರು ನಿಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಬರ್ತದಾ?" ಆಮೇಲೆ ದನಿ ತಗ್ಗಿಸಿ, "ಒಂದು ಮಾತು ನನ್ನನ್ನು ಕೇಳ್ಬಹುದಿತ್ತು" ಎಂದಳು.

ಅದೇ ನನಗೆ ನಾಟಿದ್ದು. ಮೂವತ್ತು ವರ್ಷ ಆ ಕೆಸರಿನಲ್ಲಿ ಕಾಲಿಟ್ಟವಳು ತೊಕ್ಕೊಟ್ಟಿನಲ್ಲಿದ್ದಳು, ಒಂದು ಬಸ್ಸಿನಷ್ಟು ದೂರ. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಸಾರಿ ಎಂದೆ. "ಸಾರಿ ಎಲ್ಲ ಇರ್ಲಿ. ಉಳಿದ ಬುಟ್ಟಿ ಎಷ್ಟು ಉಂಟು?" ಎಂದಳು. ಒಂದೂವರೆ ಉಳಿದಿತ್ತು.

ಅಷ್ಟಮಿಯ ಹೊತ್ತಿಗೆ ಸಪ್ಪೆ ನೀರು. ನದಿ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಮೂರು ನಾಲ್ಕು ದಿನ ಸೋಮಾರಿಯ ಹಾಗೆ ಅಲ್ಲೇ ಇರುತ್ತದೆ. ಆಗ ನೆಟ್ಟರೆ ಕೋಲಿಗೆ ಕಾಲೂರಲು ಸಮಯ ಸಿಗುತ್ತದೆ. ಈ ಸಲ ಐಸಮ್ಮನೇ ಹೆಡ್‌ಮಿಸ್ಟ್ರೆಸ್. ಗೆರೆ ಇಲ್ಲ, ಹಗ್ಗ ಇಲ್ಲ, ಗೊಬ್ಬರ ಮೊದಲೇ ಇಲ್ಲ. ಕಡಿದ ಹಳೆಯ ಬುಡಗಳ ಹಿಂದೆ, ನೀರು ಬುಡಕ್ಕೆ ಬಡಿದು ಒಡೆಯುವ ಕಡೆ, ಬಿಲದ ಸುತ್ತಮುತ್ತ. ಕೋಲನ್ನು ಚಾಕ್‌ಪೀಸಿನ ಹಾಗೆ ಹಿಡಿದು, ಚೂಪು ತುದಿ ಕೆಳಗೆ, ಮೂರರಲ್ಲಿ ಒಂದು ಪಾಲು ಒಳಗೆ ಒತ್ತುವುದು. ಹಿಮ್ಮಡಿಯಿಂದ ಮೆಟ್ಟಬಾರದು, ಬೆರಳಿನಿಂದ ಅದುಮಬೇಕು. ಕೆಸರು ಮೊಣಕಾಲಿನವರೆಗೆ. ಬುಟ್ಟಿ ತಲೆಯ ಮೇಲಿಟ್ಟು ಅದರಲ್ಲಿ ನಡೆಯುವಾಗ ನನ್ನ ಕಾನ್ವೆಂಟಿನ ಪೋಸ್ಚರ್ ಕ್ಲಾಸು ಜೀವನದಲ್ಲಿ ಮೊದಲ ಬಾರಿ ಉಪಯೋಗಕ್ಕೆ ಬಂತು. ಎಲ್ಲರೂ ಬಿದ್ದರು, ನಾನೊಬ್ಬಳೇ ಬೀಳಲಿಲ್ಲ.

ಸೋಮವಾರ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನ ಉಗುರು ನೋಡಿ, "ಹಿಲ್ಡಾ, ಎ ಟೀಚರ್ ಮಸ್ಟ್ ಬಿ ಅಬೌವ್ ಸಚ್ ಥಿಂಗ್ಸ್" ಎಂದರು. "ಐ ಕಾಂಟ್ ಪ್ಲಾಂಟ್ ಫ್ರಮ್ ಅಬೌವ್, ಸಿಸ್ಟರ್" ಎಂದೆ. ಅವರಿಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಭೂಮಿ ಬಿರಿಯಲಿಲ್ಲ. ಆಮೇಲೆ ಅಭ್ಯಾಸವಾಯಿತು.

ಅಕ್ಟೋಬರಿನಲ್ಲಿ ಕೋಲುಗಳ ತುದಿಯಲ್ಲಿ ಎರಡೆರಡು ಎಲೆ ಬಿಟ್ಟಿತು, ಪ್ರಾರ್ಥನೆಗೆ ಜೋಡಿಸಿ ಈಗಷ್ಟೇ ಬಿಡಿಸಿದ ಕೈಗಳ ಹಾಗೆ. ಅದೇ ವಾರ ಹಂಚಿನ ಚೂರು ತುಂಬಿದ ಲಾರಿ ಬಂತು. ಇನ್ನೂ ಪರ್ಮಿಷನ್ ಇಲ್ಲ, ಆದರೂ ಬಂತು. ನಾನು ಶಾಲೆಯಲ್ಲಿದ್ದೆ. ಆಮೇಲೆ ಕೇಳಿದ್ದು ಇಷ್ಟು: ವಾರಿಜಕ್ಕ ಮನೆಯ ಈಸಿಚೇರನ್ನು ಹೊರಿಸಿಕೊಂಡು ಹೋಗಿ, ಲಾರಿ ಹಿಂದಕ್ಕೆ ಬರುವ ದಾರಿಯ ಮಧ್ಯೆ ಹಾಕಿ ಕುಳಿತು, ಬೀನ್ಸ್ ಸೋಸಲು ಶುರು ಮಾಡಿದರಂತೆ.

"ಅಕ್ಕ, ಸ್ವಲ್ಪ ಬದಿಗೆ," ಎಂದನಂತೆ ಡ್ರೈವರ್.

"ಯಾಕೆ ಮಾರಾಯ? ಸುರಿ ನನ್ನ ಮೇಲೆಯೇ. ನಮ್ಮ ಮಾಡು ಸೋರ್ತಾ ಉಂಟು, ಹಂಚು ಬೇಕಿತ್ತು."

ದಣಿಯೇ ಬಂದ. ವಾರಿಜಕ್ಕನ ಗಂಡನಿಗೆ ಫೋನ್ ಮಾಡುತ್ತೇನೆ ಎಂದ. "ಮಾಡಿ, ಮಾಡಿ. ಫೋನ್ ನಮ್ಮ ಮನೆಯಲ್ಲೇ ಉಂಟು. ಇವತ್ತು ಮಧ್ಯಾಹ್ನಕ್ಕೆ ಸಾರು ಇಲ್ಲ ಅಂತಲೂ ಹೇಳಿಬಿಡಿ" ಎಂದರಂತೆ. ಲಾರಿ ಮೇಲಿನ ಬದಿಗೆ ಹೋಗಿ, ಮಿಲ್ಲಿಗೆ ತಾಗಿದ ಕಡೆ ಸುರಿಯಿತು. ಅಲ್ಲಿಯೂ ಸ್ವಲ್ಪ ಕೆಸರಿತ್ತು, ಅದು ಹೋಯಿತು. ಬಿಲದ ಬದಿ ಉಳಿಯಿತು.

ಡಿಸೆಂಬರ್ ಬಂತು. ಕ್ರಿಸ್ಮಸ್ಸಿಗೆ ನಾಲ್ಕೈದು ದಿನ. ಇನ್ಸ್‌ಪೆಕ್ಷನಿನ ನೋಟಿಸ್ ನನಗೂ ಒಂದು ಕಾಪಿ ಬಂದಿತ್ತು. ಐಸಮ್ಮನಿಗೆ ಓದಿ ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ ತಲೆ ಮೇಲೆತ್ತಿದಳು.

"ಹುಣ್ಣಿಮೆ. ಹತ್ತೂವರೆ ಹನ್ನೊಂದಕ್ಕೆ ನೀರು ತುಂಬಿ ನಿಲ್ತದೆ. ಎರಡು ಗಂಟೆಯವರೆಗೆ ನಮ್ಮ ಮರಿಗಳೆಲ್ಲ ಒಳಗೆ. ಸಾಹೇಬರಿಗೆ ಕಾಣುವುದು ಬರೀ ನೀರು. ದಣಿಗೆ ಗೊತ್ತುಂಟು ಟೀಚರ್. ಅವನೂ ಇದೇ ನದಿಯ ಬದಿಯಲ್ಲಿ ಹುಟ್ಟಿದವ."

ಹಾಗೆಯೇ ಆಯಿತು. ದಣಿಯ ಕಾರಿನಲ್ಲಿಯೇ ಸಾಹೇಬರು ಇಳಿದರು. ಘಟ್ಟದ ಮೇಲಿನವರು, ಪಾಲಿಶ್ ಮಾಡಿದ ಶೂ. ನದಿ ದಡದ ಮೆಟ್ಟಿಲವರೆಗೆ ತುಂಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಏನ್ರೀ ಮೇಡಂ, ಗಿಡ ಗಿಡ ಅಂತ ಅರ್ಜಿ ಹಾಕಿದೀರಿ. ಎಲ್ರೀ ಇದೆ ಗಿಡ?"

"ನೀರಿನ ಒಳಗೆ ಉಂಟು ಸರ್. ಎರಡು ಗಂಟೆಗೆ ಕಾಣ್ತದೆ."

ದಣಿ ಹೊಟ್ಟೆ ಹಿಡಿದು ನಕ್ಕ. "ಕೇಳಿದಿರಾ ಸರ್? ಎರಡು ಗಂಟೆಯ ಮರ! ಮ್ಯಾಟಿನಿ ಶೋ! ಬನ್ನಿ ಸರ್, ಹೋಗುವಾ."

ಸಾಹೇಬರು ಕಾರಿನ ಕಡೆ ತಿರುಗಿದರು. ನಾನು ನೋಟಿಸನ್ನು ಬಿಡಿಸಿ ಅವರ ಮುಂದೆ ಹಿಡಿದೆ. "ಸರ್, ನಿಮ್ಮದೇ ಆಫೀಸಿನ ಕಾಗದ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸ್ಥಳ ಪರಿಶೀಲನೆ ಅಂತ ಉಂಟು. ಈಗ ಹತ್ತು ಐವತ್ತು. ಹತ್ತು ನಿಮಿಷ ನೋಡಿ ಹೋದರೆ, ಅಷ್ಟೇ ನೋಡಿದ್ದೇವೆ ಅಂತಲೂ ನೀವು ರಿಪೋರ್ಟಿನಲ್ಲಿ ಬರೀಬೇಕಾಗ್ತದೆ. ನಾನು ಕಾಪಿ ಕೇಳ್ತೇನೆ." ಸ್ವರ ಕ್ಲಾಸಿನ ಸ್ವರವೇ ಬಂತು, ದೇವರ ದಯೆ.

ಅವರು ಕಾಗದ ಓದಿದರು. ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ವಾರಿಜಕ್ಕ ಅವರ ಹಿಂದೆ ಈಸಿಚೇರ್ ತಂದು ಇಟ್ಟಾಗಿತ್ತು. ಮಮ್ಮಿ ಮೂರು ದಿನ ಒಲೆಯ ಮುಂದೆ ನಿಂತು ಮಾಡಿದ ಕುಸ್ವಾರ್, ನಮ್ಮ ಕ್ರಿಸ್ಮಸ್ ತಿಂಡಿ, ತಟ್ಟೆಯಲ್ಲಿ ಬಂತು. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ. ಕ್ರಿಸ್ಮಸ್ಸಿನ ಮೊದಲು ನಮ್ಮ ಮನೆಯಲ್ಲಿ ಅದನ್ನು ಮುಟ್ಟಿದವರ ಕೈಗೆ ಏಟು ಬೀಳುತ್ತಿತ್ತು. ಆ ದಿನ ಮಮ್ಮಿ ತಾವಾಗಿಯೇ ಡಬ್ಬದ ಮುಚ್ಚಳ ತೆಗೆದರು. ಸಾಹೇಬರು ಒಂದು ನೆವ್ರಿ ತಿಂದರು. ಆಮೇಲೆ ಇನ್ನೊಂದು. ಆಮೇಲೆ ಶೂವಿನ ಲೇಸ್ ಸಡಿಲಿಸಿದರು.

ಐಸಮ್ಮ ಹಂಚಿನ ಚೂರೊಂದನ್ನು ಹೆಕ್ಕಿ, ದಡದ ಕಲ್ಲುಮೆಟ್ಟಿಲಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದಳು. ಅದಕ್ಕಿಂತ ಕೆಳಗೆ, ನೀರಿಗೆ ಕೈ ಮುಳುಗಿಸಿ, ಮೂರನೇ ಮೆಟ್ಟಿಲನ್ನು ಬೆರಳಿನಿಂದ ತಟ್ಟಿದಳು. "ಇಲ್ಲಿಗೆ ಬಂದಾಗ" ಎಂದಳು. ಸಾಹೇಬರು ಅವಳ ಕಡೆ ನೋಡಲಿಲ್ಲ.

ಹನ್ನೆರಡು. ಒಂದು. ದಣಿ ಮೂರು ಸಲ ಕಾರಿನ ಬಾಗಿಲು ತೆರೆದು ಹಾಕಿದ. ಮೊದಲ ಮೆಟ್ಟಿಲು ಒಣಗಿತು. ಎರಡನೆಯದು ಕಂಡಿತು. ಮೂರನೆಯದರ ಅಂಚು ಹೊರಬರುತ್ತಿದ್ದ ಹಾಗೆ ನೀರಿನ ಮೇಲೆ ಒಂದು ಜೊತೆ ಎಲೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ನಾನು ಎಣಿಸಲು ಶುರು ಮಾಡಿದೆ, ಹನ್ನೆರಡರ ನಂತರ ಕಣ್ಣು ಮಂಜಾಗಿ ಬಿಟ್ಟುಬಿಟ್ಟೆ. ನೀರು ಸರಿದ ಹಾಗೆ ಇಡೀ ತೋಪು, ಮೊಳದುದ್ದದ ತೋಪು, ಎಲೆಯಿಂದ ನೀರು ಕೊಡವುತ್ತಾ ಎದ್ದು ನಿಂತಿತು.

ಸಾಹೇಬರು ವಾಚ್ ನೋಡಿಕೊಂಡರು. ಎರಡಕ್ಕೆ ಐದು ನಿಮಿಷ.

"ಅದು ಕಳೆ ಸರ್," ಎಂದ ದಣಿ.

"ಹೌದಾ ದಣಿಗಳೇ?" ವಾರಿಜಕ್ಕ ಕೇಳಿದರು. "ಮತ್ತೆ ಮೇ ತಿಂಗಳಲ್ಲಿ ಕಳೆ ಕೀಳ್ಲಿಕ್ಕೆ ಕೊಡಲಿ ಯಾಕೆ ಬೇಕಾಯಿತು ನಿಮಗೆ?"

ಸಾಹೇಬರು ಗಿಡಗಳ ಬಗ್ಗೆ ಬರೆದುಕೊಂಡರು. ಆಮೇಲೆ ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಗಿಡ ಸರಿ ಮೇಡಂ. ಆದ್ರೆ ಪ್ರಾಣಿ ಇದೆ ಅಂತ ಬರ್ದಿದೀರಲ್ಲ, ಅದಕ್ಕೆ ಸಾಕ್ಷಿ ಬೇಕು. ಬರೀ ಗಿಡಕ್ಕೆ ಯಾರ್ಡ್ ನಿಲ್ಸೋಕಾಗಲ್ಲ. ನೀವು ಎಜುಕೇಟೆಡ್, ಟೀಚರ್. ನೀವು ಕಣ್ಣಾರೆ ನೋಡಿದೀರಾ? ಹೂಂ ಅಂದ್ರೆ ಸಾಕು, ಬರ್ಕೋತೀನಿ."

ವಾರಿಜಕ್ಕ ಹಿಂದಿನಿಂದ ನನ್ನ ಕಾಲನ್ನು ಮೆಟ್ಟಿದರು. ಒಂದು ಹೂಂ. ಶನಿವಾರ ಕನ್ಫೆಷನಿನಲ್ಲಿ ತೊಳೆದು ಹೋಗುವಷ್ಟು ಸಣ್ಣ ಸುಳ್ಳು. ಬಾಯಿಯವರೆಗೆ ಬಂದಿತ್ತು. ಆದರೆ ಐಸಮ್ಮ ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತಿದ್ದಳು, ಒದ್ದೆ ಕೈಯನ್ನು ಮಡಿಲಲ್ಲಿಟ್ಟು. ನಾನು ಹೂಂ ಎಂದರೆ, ಅವಳು ಕಂಡದ್ದು ನನ್ನ ಹೆಸರಿನಲ್ಲಿ ಬರೆಯಲ್ಪಡುತ್ತಿತ್ತು.

"ನಾನು ನೋಡಿಲ್ಲ ಸರ್," ಎಂದೆ.

ದಣಿಯ ಮುಖ ಅರಳಿತು. ವಾರಿಜಕ್ಕ, "ಅಯ್ಯೋ ದೇವರೇ, ಈ ಕಾನ್ವೆಂಟಿನವರ ಕರ್ಮ" ಎಂದು ಹಣೆ ಬಡಿದುಕೊಂಡರು.

"ನಾನು ನೋಡಿಲ್ಲ. ನೋಡಿದವರು ಬೆಳಿಗ್ಗೆಯಿಂದ ನಿಮ್ಮ ಎದುರು ಕೂತಿದ್ದಾರೆ. ನೀವು ಅವರನ್ನು ಒಂದು ಮಾತೂ ಕೇಳಿಲ್ಲ."

ಅವರು ಐಸಮ್ಮನನ್ನು ನೋಡಿದರು. "ಇವ್ರಾ? ಓದು ಬರಹ ಬರುತ್ತಾ?"

"ನೀರು ಆ ಮೆಟ್ಟಿಲಿಗೆ ಬಂದಾಗ ಮರ ಕಾಣ್ತದೆ ಅಂತ ಹೇಳಿದ್ದು ಯಾರು ಸರ್? ನಾನಲ್ಲ. ನನಗೆ ಸೆಪ್ಟೆಂಬರಿನಲ್ಲಿ ಅದೂ ಗೊತ್ತಿರಲಿಲ್ಲ. ಇವರನ್ನು ಕೇಳದೆ ನೆಟ್ಟು ಎರಡೂವರೆ ಬುಟ್ಟಿ ಮರಿಗಳನ್ನು ಸಮುದ್ರಕ್ಕೆ ಕೊಟ್ಟವಳು ನಾನು. ಅದೇ ತಪ್ಪು ನೀವು ಮಾಡ್ಬೇಡಿ."

ಸಾಹೇಬರು ಎದ್ದು, ಕುರ್ಚಿಯ ಬದಿಗೆ ಶೂ ಕಳಚಿಟ್ಟು, ಪ್ಯಾಂಟ್ ಮಡಚಿದರು. ಐಸಮ್ಮ ಮುಂದೆ ನಡೆದಳು. ಬುಡಗಳ ನಡುವೆ ಬಗ್ಗಿ ಬಿಲದ ಬಾಯಿ ತೋರಿಸಿದಳು. ನೀರು ಮುಟ್ಟದ ಕಲ್ಲೊಂದರ ಮೇಲೆ ಒಣಗಿದ ಕರಿಯ ಹಿಕ್ಕೆಯನ್ನು ಬೆರಳಲ್ಲಿ ಪುಡಿ ಮಾಡಿ ಅವರ ಅಂಗೈಗೆ ಹಾಕಿದಳು. ಅದರಲ್ಲಿ ಮೀನಿನ ಪೊರೆ, ಏಡಿಯ ಚಿಪ್ಪಿನ ಚೂರು. "ಮೂಸಿ ನೋಡಿ ಸಾಹೇಬರೇ. ನಾಯಿಯದ್ದು ಹೀಗೆ ವಾಸನೆ ಬರ್ಲಿಕ್ಕಿಲ್ಲ. ಎರಡು ತಿಂಗಳಿಂದ ತಾಯಿ ಮತ್ತೆ ಇಲ್ಲೇ ಮಲಗ್ಲಿಕ್ಕೆ ಬರ್ತಾ ಉಂಟು. ಒಂದು ಮರಿ ಜೊತೆಗೆ ಉಂಟು. ಇನ್ನೊಂದು ಇಲ್ಲ." ಸಾಹೇಬರು ಮೂಸಿದರು. ನಿಜಕ್ಕೂ ಮೂಸಿದರು. ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ.

ಅವಳ ಹೆಸರನ್ನು ಬರೆದುಕೊಂಡರು. "ಅಪ್ಪನ ಹೆಸರನ್ನೂ ಬರೀರಿ, ಅವರಿಗೂ ಗೊತ್ತಿತ್ತು" ಎಂದಳು ಐಸಮ್ಮ. ಬರೆದರು. ಹೆಬ್ಬೆಟ್ಟು ಒತ್ತಲು ಇಂಕ್‌ಪ್ಯಾಡ್ ಕಾರಿನಲ್ಲಿತ್ತು, ದಣಿಯೇ ತಂದುಕೊಡಬೇಕಾಯಿತು. ತಂದುಕೊಟ್ಟ.

ತುಂಬಿಸಲು ಪರ್ಮಿಷನ್ ಬರಲಿಲ್ಲ. ಸುರಿದಾಗಿದ್ದ ಮೇಲಿನ ತುಂಡು ದಣಿಗೇ ಉಳಿಯಿತು; ಅದನ್ನು ಬಿಡಿಸಲು ನಮ್ಮಿಂದ ಆಗಲಿಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇದೆ. ಅವನು ಇನ್ನೂ ಎರಡು ಸಲ ಅರ್ಜಿ ಹಾಕಿದ. ನಾವು ಇನ್ನೂ ಎರಡು ಮಳೆಗಾಲ ನೆಟ್ಟೆವು, ಅಷ್ಟಮಿ ನೋಡಿ, ಐಸಮ್ಮನನ್ನು ಕೇಳಿ. ಹಬ್ಬಕ್ಕೆ ಹಬ್ಬದ ಊಟ ಮಾತ್ರ ಮಾಡಿದೆವು.

ನೀರುನಾಯಿಯನ್ನು ನೋಡಬೇಕೆಂಬ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಿಡಗಳು ನನ್ನ ಎದೆಯಷ್ಟು ಎತ್ತರ ಬೆಳೆದ ವರ್ಷ, ಒಂದು ಬೆಳಿಗ್ಗೆ ಕೆಳಗಿನಿಂದ ಐಸಮ್ಮ ಕೂಗಿದಳು. "ಟೀಚರ್! ಬೇಗ! ಓಡಿ ಬನ್ನಿ!" ಹಲ್ಲುಜ್ಜುತ್ತಿದ್ದವಳು ಹಾಗೆಯೇ ಓಡಿದೆ. ನಾನು ಬೇರುಗಳ ಹತ್ತಿರ ತಲುಪಿದಾಗ ನೀರಿನ ಮೇಲೆ ಒಂದು ಗೆರೆ ದೂರ ಸರಿಯುತ್ತಿತ್ತು, ಅಷ್ಟೇ. ಕೆಸರಿನಲ್ಲಿ ಹೆಜ್ಜೆಗಳಿದ್ದವು, ಐದು ಬೆರಳು, ನಡುವೆ ತೆಳ್ಳಗಿನ ಚರ್ಮದ ಗುರುತು, ಅದರೊಳಗೆ ನೀರು ಇನ್ನೂ ತುಂಬಿಕೊಳ್ಳುತ್ತಿತ್ತು. ಅದರ ಪಕ್ಕ ಅರ್ಧ ತಿಂದ ಒಂದು ಮಡವು ಮೀನು. ಕಿವಿರು ಇನ್ನೂ ಮಿಡಿಯುತ್ತಿತ್ತು.

"ಸ್ವಲ್ಪ ಕಾದರೆ ಬರ್ತದೆ," ಹೆಜ್ಜೆಗಳ ಪಕ್ಕ ಕುಕ್ಕರಿಸಿದ್ದ ಐಸಮ್ಮ ಪಿಸುಗುಟ್ಟಿದಳು. "ಮೀನು ಬಿಟ್ಟು ಹೋಗುವ ಜಾತಿ ಅಲ್ಲ ಅದು. ಆದರೆ ನಾವು ಇಲ್ಲಿ ನಿಂತರೆ ಹೆದರ್ತದೆ, ಹಸಿದುಕೊಂಡು ಅಲ್ಲೇ ಇರ್ತದೆ. ಎಂತ ಮಾಡುವಾ?"

ನಾನು ಬಾಯಿಯ ಪೇಸ್ಟನ್ನು ಸೀರೆಯ ಸೆರಗಿಗೆ ಒರೆಸಿಕೊಂಡೆ. ಅವಳ ಕೈ ಹಿಡಿದು ಎಬ್ಬಿಸಿದೆ. ನದಿಗೆ ಬೆನ್ನು ಹಾಕಿ ಇಬ್ಬರೂ ದಿಣ್ಣೆ ಹತ್ತಿದೆವು. ಅರ್ಧ ದಾರಿಯಲ್ಲಿ ಹಿಂದೆ, ಬೇರುಗಳ ಒಳಗೆ, ಎಲುಬು ಅಗಿಯುವ ಸಣ್ಣ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.